ರಾಗಿ ಬ್ರಹ್ಮ ಲಕ್ಷ್ಮಣಯ್ಯನವರು

ನಮ್ಮ ಮಡಕಶಿರಾ ಸೀಮೆಯ ಮನೆಗಳಲ್ಲಿ ಹೊತ್ತು ಮುಳುಗಿತೆಂದರೆ ಮುದ್ದೆಗೆ ಎಸರಿಡುವುದು ರೂಢಿ. ಜೋಳ, ಕಡಲೆಕಾಯಿ ಬೆಳೆಯುವ ರಾಯದುರ್ಗದ ಕಡೆಯೂ ರಾಗಿ ಅಪರಿಚಿತವಲ್ಲ. ಈ ರಾಗಿಯ ಹಿಂದೆ ಒಬ್ಬ ವಿಜ್ಞಾನಿಯ ಜೀವಮಾನದ ದುಡಿಮೆ ಇದೆ ಎಂಬ ಸಂಗತಿ ನಮ್ಮಲ್ಲಿ ಅನೇಕರಿಗೆ ತಿಳಿಯದು. ಅವರೇ ‘ರಾಗಿ ಬ್ರಹ್ಮ’ ಎಂದು ಹೆಸರಾದ ಲಕ್ಷ್ಮಣಯ್ಯನವರು.

ಲಕ್ಷ್ಮಣಯ್ಯನವರು 1921ರಲ್ಲಿ ಮೈಸೂರಿನ ಸಮೀಪದ ಹಾರೋಹಳ್ಳಿಯಲ್ಲಿ ಜನಿಸಿದರು. ವಿದ್ಯಾಭ್ಯಾಸ ಮುಗಿಸಿ ಕೃಷಿ ಇಲಾಖೆಯನ್ನು ಸೇರಿ, ಮಂಡ್ಯದ ವಿ.ಸಿ. ಫಾರಂನಲ್ಲಿ ರಾಗಿಯ ಸಂಶೋಧನೆಗೆ ತೊಡಗಿದರು. ವಿಶ್ವೇಶ್ವರಯ್ಯ ನಾಲೆಯ ನೀರು ಹರಿಯುವ ಆ ನಾಡಿನಲ್ಲಿ ಭತ್ತಕ್ಕೂ ಕಬ್ಬಿಗೂ ಇದ್ದ ಗೌರವ ರಾಗಿಗೆ ಇರಲಿಲ್ಲ. ಅದು ಬಡವರ ಧಾನ್ಯವೆಂಬ ತಾತ್ಸಾರ. ಕನಕದಾಸರ ‘ರಾಮಧಾನ್ಯ ಚರಿತೆ’ಯಲ್ಲಿ ಅಕ್ಕಿಗೂ ರಾಗಿಗೂ ವಾದ ನಡೆದು, ಕೊನೆಗೆ ರಾಗಿಗೆ ಶ್ರೀರಾಮನ ಮನ್ನಣೆ ದೊರೆತ ಕಥೆಯನ್ನು ನೀವು ಬಲ್ಲಿರಿ. ಆ ಮನ್ನಣೆಯನ್ನು ರೈತನ ಹೊಲದಲ್ಲಿ ದೊರಕಿಸಿಕೊಟ್ಟವರು ಲಕ್ಷ್ಮಣಯ್ಯನವರು.

ಅದಕ್ಕೆ ಮೊದಲು ಕೋಲ್ಮನ್ ಅವರ ಕಾಲದಿಂದಲೂ ಹೆಬ್ಬಾಳದಲ್ಲಿ ರಾಗಿಯ ಸುಧಾರಣೆ ನಡೆದಿತ್ತು. ಆದರೆ ಇರುವ ತಳಿಗಳಲ್ಲಿ ಒಳ್ಳೆಯದನ್ನು ಆರಿಸುವುದೇ ಆಗಿನ ಮುಖ್ಯ ಕ್ರಮ. ಎರಡು ತಳಿಗಳನ್ನು ಕೂಡಿಸಿ ಹೊಸದನ್ನು ಪಡೆಯುವುದು ಸುಲಭವಾಗಿರಲಿಲ್ಲ. ರಾಗಿಯ ಹೂವು ಬಹಳ ಸಣ್ಣದು. ತನ್ನ ಪರಾಗದಿಂದಲೇ ತಾನು ಕಾಳು ಕಟ್ಟುತ್ತದೆ. ಎರಡು ಗಿಡಗಳ ತೆನೆಗಳನ್ನು ಒಟ್ಟಿಗೆ ಸೇರಿಸಿ ಕಟ್ಟಿ, ಒಂದರ ಪರಾಗ ಇನ್ನೊಂದರ ಮೇಲೆ ಬೀಳುವಂತೆ ಮಾಡುವುದು ಒಂದು ಉಪಾಯ. ಆದರೆ ಸಾವಿರಾರು ಕಾಳುಗಳಲ್ಲಿ ಮಿಶ್ರತಳಿಯ ಕಾಳು ಎಲ್ಲೋ ಕೆಲವು. ಅವನ್ನೆಲ್ಲ ಬಿತ್ತಿ, ಸಸಿಗಳನ್ನು ಒಂದೊಂದಾಗಿ ನೋಡಿ, ಮಿಶ್ರವಾದುದನ್ನು ಗುರುತಿಸಬೇಕು. ಅದರ ಗುಣ ಸ್ಥಿರವಾಗಲು ಮತ್ತೆ ಹಲವು ವರ್ಷಗಳು ಬೇಕು. ಇಂತಹ ತಾಳ್ಮೆಯ ಕೆಲಸದಿಂದ ಅರುಣ, ಉದಯ, ಪೂರ್ಣ, ಅನ್ನಪೂರ್ಣ, ಕಾವೇರಿ, ಶಕ್ತಿ ಮುಂತಾದ ತಳಿಗಳು ಹೊರಬಂದವು.

ಅಷ್ಟಕ್ಕೆ ಅವರು ತೃಪ್ತರಾಗಲಿಲ್ಲ. ರಾಗಿಯ ತವರು ಆಫ್ರಿಕ ಖಂಡ. ಸಾವಿರಾರು ವರ್ಷಗಳ ಹಿಂದೆ ಅದು ನಮ್ಮಲ್ಲಿಗೆ ಬಂದಿತು. ಆಫ್ರಿಕದ ತಳಿಗಳಿಗೆ ದಪ್ಪ ಕಾಂಡ, ದೊಡ್ಡ ತೆನೆ. ಆದರೆ ಬೆಳೆ ಬರಲು ಬಹಳ ಕಾಲ ಬೇಕು. ನಮ್ಮ ತಳಿಗಳು ಚೆನ್ನಾಗಿ ತೆಂಡೆ ಒಡೆದು ಬೇಗ ಕೊಯ್ಲಿಗೆ ಬರುತ್ತವೆ. 1960ರ ದಶಕದಲ್ಲಿ ಲಕ್ಷ್ಮಣಯ್ಯನವರು ಬಹುಕಾಲದಿಂದ ಅಗಲಿದ್ದ ಈ ಎರಡು ಬಳಗಗಳನ್ನು ಕೂಡಿಸಿದರು. ಹೀಗೆ ಹುಟ್ಟಿದವುಗಳಿಗೆ ಇಂಡಿಯಾ, ಆಫ್ರಿಕ ಎಂಬ ಎರಡು ಹೆಸರುಗಳನ್ನು ಸೇರಿಸಿ ‘ಇಂಡಾಫ್’ ಎಂದು ಹೆಸರಿಟ್ಟರು. ಮುಂಗಾರಿನಲ್ಲಿ ಬೇಗ ಬಿತ್ತುವವರಿಗೆ ಇಂಡಾಫ್-8, ತಡವಾಗಿ ಬಿತ್ತುವವರಿಗೆ ಇಂಡಾಫ್-5, ಚಳಿಗಾಲಕ್ಕೆ ಇಂಡಾಫ್-7, ಬೇಸಿಗೆಗೆ ಇಂಡಾಫ್-9 ಎಂಬಂತೆ ಒಂದೊಂದು ಕಾಲಕ್ಕೆ ಒಂದೊಂದು ತಳಿ ದೊರೆಯಿತು. ಇಳುವರಿಯೂ ಹಳೆಯ ತಳಿಗಳಿಗಿಂತ ಬಹಳ ಹೆಚ್ಚಿತು.

ಆದರೆ ಒಂದು ಶತ್ರು ಉಳಿದೇ ಇತ್ತು. ಅದು ಬೆಂಕಿ ರೋಗ. ಮೋಡ ಕವಿದು ಜಡಿಮಳೆ ಹಿಡಿದ ದಿನಗಳಲ್ಲಿ ಕಣ್ಣಿಗೆ ಕಾಣದ ಶಿಲೀಂಧ್ರವೊಂದು ಗಾಳಿಯಲ್ಲಿ ಹರಡಿ, ಎಲೆಗಳ ಮೇಲೆ ಕದಿರಿನಾಕಾರದ ಚುಕ್ಕೆಗಳನ್ನು ಮೂಡಿಸುತ್ತದೆ. ತೆನೆಯ ಕುತ್ತಿಗೆಗೆ ತಗಲಿದರೆ ಅದು ಕಪ್ಪಾಗಿ ಮುರಿದು, ಕಾಳೆಲ್ಲ ಜೊಳ್ಳಾಗುತ್ತದೆ. ಔಷಧಿ ಸಿಂಪಡಿಸಲು ಮಳೆಯನ್ನೇ ನಂಬಿದ ಬಡ ರೈತನ ಕೈಯಲ್ಲಿ ಹಣವೆಲ್ಲಿ? ರೋಗವನ್ನು ತಡೆಯುವ ಶಕ್ತಿ ಬೀಜದಲ್ಲಿಯೇ ಇದ್ದರೆ ಅದಕ್ಕಿಂತ ಅಗ್ಗದ ಮದ್ದು ಬೇರೊಂದಿಲ್ಲ. ಇಂಡಾಫ್ ತಳಿಗಳಲ್ಲಿ ಎಲ್ಲವೂ ಈ ರೋಗವನ್ನು ಎದುರಿಸಿ ನಿಲ್ಲಲಿಲ್ಲ.

1993ರಲ್ಲಿ ಲಕ್ಷ್ಮಣಯ್ಯನವರು ತೀರಿಕೊಂಡರು. ಆದರೆ ಕೆಲಸ ನಿಲ್ಲಲಿಲ್ಲ. ಬೆಂಗಳೂರಿನ ಗಾಂಧಿ ಕೃಷಿ ವಿಜ್ಞಾನ ಕೇಂದ್ರದ ವಿಜ್ಞಾನಿಗಳು ಇಂಡಾಫ್-9ನ್ನು ಐ.ಇ. 1012 ಎಂಬ ತಳಿಯೊಡನೆ ಕೂಡಿಸಿ, ಅದರ ಸಂತತಿಯನ್ನು ಇಂಡಾಫ್-5ರೊಡನೆ ಸೇರಿಸಿ, 1998ರಲ್ಲಿ ಜಿ.ಪಿ.ಯು. 28 ಎಂಬ ತಳಿಯನ್ನು ಹೊರತಂದರು. ಬೆಂಕಿ ರೋಗವನ್ನು ತಡೆದುಕೊಳ್ಳುವ ಈ ತಳಿ ಕರ್ನಾಟಕದ ಹೊಲಗಳಲ್ಲಿ ವ್ಯಾಪಕವಾಗಿ ಹರಡಿತು. ಲಕ್ಷ್ಮಣಯ್ಯನವರು ಇದನ್ನು ಕಾಣಲಿಲ್ಲ; ಆದರೆ ಅವರ ಎರಡು ತಳಿಗಳು ಅದರ ವಂಶದಲ್ಲಿ ಬೆರೆತಿವೆ.

ಭತ್ತವನ್ನು ಕಾಡುವ ಬೆಂಕಿ ರೋಗವೂ ಇದೇ ಜಾತಿಯ ಶಿಲೀಂಧ್ರದಿಂದ ಬರುವಂಥದು. ಸುವಾಸನೆಗೆ ಪ್ರಸಿದ್ಧವಾದ ಬಾಸ್ಮತಿಗೂ ಅದರ ಕಾಟ ತಪ್ಪಿರಲಿಲ್ಲ. ಪರಿಮಳವನ್ನು ಕೆಡಿಸದೆ ರೋಗ ತಡೆಯುವ ಗುಣವನ್ನು ಸೇರಿಸಿದ ಬಾಸ್ಮತಿ ತಳಿಗಳನ್ನು ದೆಹಲಿಯ ಪೂಸಾ ಸಂಸ್ಥೆ 2021ರಲ್ಲಿ ಹೊರತಂದಿತು. ರಾಗಿಯಾಗಲಿ, ಬಾಸ್ಮತಿಯಾಗಲಿ, ದಾರಿ ಒಂದೇ: ಒಂದರ ಒಳ್ಳೆಯ ಗುಣವನ್ನು ಉಳಿಸಿಕೊಂಡು ಇನ್ನೊಂದರ ಬಲವನ್ನು ಪಡೆಯುವುದು.

ವಿದ್ಯಾರ್ಥಿ ಮಿತ್ರರೇ, ಒಬ್ಬರು ಬಿತ್ತಿದ್ದನ್ನು ಇನ್ನೊಬ್ಬರು ಕೊಯ್ಯುವುದು ಲೋಕದ ರೀತಿ. ತಾವು ಕೊಯ್ಯದ ಬೆಳೆಗಾಗಿಯೂ ಶ್ರಮಿಸಿದವರು ಲಕ್ಷ್ಮಣಯ್ಯನವರು. ಮುಂದಿನ ಸುಗ್ಗಿಯಲ್ಲಿ ನಿಮ್ಮ ಹೊಲದ ರಾಗಿ ಯಾವ ತಳಿಯದೆಂದು ನಿಮ್ಮ ತಂದೆತಾಯಿಗಳನ್ನು ಕೇಳಿ ನೋಡಿರಿ. ಆ ತಳಿಯ ವಂಶದಲ್ಲಿ ಇವರ ಶ್ರಮವೂ ಸೇರಿರಬಹುದು.