ಒಬ್ಬ ಗೆದ್ದ, ಬೀದಿ ಗೆಲ್ಲಲಿಲ್ಲ

ಬಡ ಬಡಾವಣೆಯಲ್ಲಿ ಬೆಳೆದು ಕೀರ್ತಿಶಿಖರ ಏರಿದವರ ಕಥೆಗಳನ್ನು ನಾವು ಸಾಮಾನ್ಯವಾಗಿ ವ್ಯಕ್ತಿಯ ಛಲಕ್ಕೆ ಸಾಕ್ಷ್ಯವೆಂದು ಓದುತ್ತೇವೆ. ಅರ್ಥಶಾಸ್ತ್ರ ಓದಿ, ಸರ್ಕಾರಿ ಸೇವೆಯಲ್ಲಿ ಬಡತನದ ಅಂಕಿಅಂಶಗಳ ನಡುವೆ ವರ್ಷಗಳನ್ನು ಕಳೆದ ನನಗೆ ಇನ್ನೊಂದು ಪ್ರಶ್ನೆಯೂ ಕಾಡುತ್ತದೆ: ಅದೇ ಬೀದಿಯಲ್ಲಿ ಉಳಿದವರ ಗತಿ ಏನಾಯಿತು? ನಟೋರಿಯಸ್ ಬಿ.ಐ.ಜಿ. ಎಂದು ಪ್ರಸಿದ್ಧನಾದ ಅಮೆರಿಕದ ರ್‍ಯಾಪ್ ಗಾಯಕ ಕ್ರಿಸ್ಟೋಫರ್ ವಾಲೇಸ್‌ನ ಬದುಕು ಈ ಪ್ರಶ್ನೆಯನ್ನು ತೀಕ್ಷ್ಣವಾಗಿ ಮುಂದಿಡುತ್ತದೆ.

ಆತ ಹುಟ್ಟಿದ್ದು 1972ರ ಮೇ 21ರಂದು, ನ್ಯೂಯಾರ್ಕ್‌ನ ಬ್ರೂಕ್ಲಿನ್‌ನಲ್ಲಿ. ತಾಯಿ ವೊಲೆಟ್ಟಾ ಜಮೈಕಾದಿಂದ ವಲಸೆ ಬಂದವರು. ಪುಟ್ಟ ಮಕ್ಕಳಿಗೆ ಪಾಠ ಹೇಳುವ ಶಿಕ್ಷಕಿ. ತಂದೆ ಸಂಸಾರ ತೊರೆದಾಗ ಮಗುವಿಗೆ ಎರಡು ವರ್ಷ. ಹುಡುಗ ಇಂಗ್ಲಿಷ್ ವಿಷಯದಲ್ಲಿ ಜಾಣ. ಆದರೆ ತಾಯಿ ದುಡಿಯಲು ಹೋದ ಹೊತ್ತಿನಲ್ಲಿ ಹತ್ತಿರದ ಫುಲ್ಟನ್ ಬೀದಿ ಆತನಿಗೆ ಬೇರೊಂದು ಪಾಠ ಕಲಿಸಿತು. 1980ರ ದಶಕದಲ್ಲಿ ಕ್ರ್ಯಾಕ್ ಕೊಕೇನ್ ಅಮೆರಿಕದ ಬಡ ಬಡಾವಣೆಗಳಿಗೆ ನುಗ್ಗಿತ್ತು. ಸಣ್ಣ ಚೂರುಗಳಾಗಿ ಅಗ್ಗದ ಬೆಲೆಗೆ ಬಿಕರಿಯಾಗುತ್ತಿದ್ದ ಆ ವಿಷಕ್ಕೆ ಮಾರಾಟಗಾರರಾಗಿ ಸಿಕ್ಕವರು ಬೇರೆ ಉದ್ಯೋಗ ಕಾಣದ ಹುಡುಗರು. ವಾಲೇಸ್ ಅವರಲ್ಲೊಬ್ಬನಾದ, ಹದಿನೇಳರ ಹರೆಯಕ್ಕೆ ಶಾಲೆ ಬಿಟ್ಟ.

ಸರ್ಕಾರದ ಉತ್ತರ ಕಠಿಣ ಶಿಕ್ಷೆ. 1986ರ ಕಾಯ್ದೆಯ ಪ್ರಕಾರ ಕೊಕೇನ್ ಪುಡಿ 500 ಗ್ರಾಂ ಮಾರಿದವನಿಗೆ ಕನಿಷ್ಠ ಐದು ವರ್ಷ ಸೆರೆಯಾದರೆ, ಕ್ರ್ಯಾಕ್ ಮಾರಿದವನಿಗೆ 5 ಗ್ರಾಂಗೇ ಅಷ್ಟು ಶಿಕ್ಷೆ. ಈ ನೂರು ಪಟ್ಟಿನ ತಾರತಮ್ಯದ ಭಾರ ಬಿದ್ದದ್ದು ಬಹುಪಾಲು ಕಪ್ಪು ಜನರ ಮೇಲೆ. 2010ರಲ್ಲಿ ಅದನ್ನು ಹದಿನೆಂಟು ಪಟ್ಟಿಗೆ ಇಳಿಸಲಾಯಿತೇ ಹೊರತು ಅಳಿಸಲಿಲ್ಲ.

ವಾಲೇಸ್ ಕೂಡ 1991ರಲ್ಲಿ ನಾರ್ತ್ ಕೆರೊಲಿನಾದಲ್ಲಿ ಸಿಕ್ಕಿಬಿದ್ದು ಒಂಬತ್ತು ತಿಂಗಳು ಜೈಲಿನಲ್ಲಿದ್ದ. ಆತನ ಹಾಡಿನ ಕ್ಯಾಸೆಟ್ಟೊಂದು ‘ದಿ ಸೋರ್ಸ್’ ಪತ್ರಿಕೆಯ ಗಮನ ಸೆಳೆದದ್ದು 1992ರಲ್ಲಿ. ಧ್ವನಿಮುದ್ರಣ ಸಂಸ್ಥೆಯ ಒಪ್ಪಂದವೂ ದೊರೆಯಿತು. ಇಲ್ಲೊಂದು ಸಂಗತಿಯನ್ನು ಗಮನಿಸಬೇಕು. ಒಪ್ಪಂದವಾದ ಮಾತ್ರಕ್ಕೆ ಕೈಗೆ ಹಣ ಬರಲಿಲ್ಲ. 1993ರಲ್ಲಿ ಮಗಳು ಹುಟ್ಟಿದಾಗ ಅವಳ ಪೋಷಣೆಗಾಗಿ ಆತ ಮಾದಕವಸ್ತು ಮಾರುವುದನ್ನು ಮುಂದುವರಿಸಿದ. ಅದು ತಿಳಿದ ನಿರ್ಮಾಪಕ ಶಾನ್ ಕೋಂಬ್ಸ್ ಬಲವಂತದಿಂದ ಬಿಡಿಸಬೇಕಾಯಿತು. ಪ್ರತಿಭೆ, ಅವಕಾಶ ಎರಡೂ ಇದ್ದವನಿಗೇ ಈ ಬವಣೆಯಾದರೆ, ಎರಡೂ ಇಲ್ಲದವರ ಪಾಡೇನು?

1994ರ ಸೆಪ್ಟೆಂಬರ್‌ನಲ್ಲಿ ಹೊರಬಂದ ಮೊದಲ ಆಲ್ಬಂ ‘ರೆಡಿ ಟು ಡೈ’ ಆತನನ್ನು ಶ್ರೀಮಂತನನ್ನಾಗಿಸಿತು. ಹಸಿವು, ಬಾಡಿಗೆ, ಭಯ, ದುರಾಸೆಗಳನ್ನು ಆತ ಪ್ರಾಸಬದ್ಧವಾಗಿ, ನಿರಾಯಾಸವಾಗಿ ಹೇಳುತ್ತಿದ್ದ. ಹೆಣ್ಣಿನ ಕುರಿತ ತಾತ್ಸಾರವನ್ನೂ ಹಿಂಸೆಯ ವೈಭವೀಕರಣವನ್ನೂ ನಾನು ಸಮರ್ಥಿಸಲಾರೆ. ಆದರೆ ಯಾವ ಸಮೀಕ್ಷೆಯೂ ಹೇಳದ ಬಡತನದ ಒಳಮುಖವನ್ನು ಆ ಹಾಡುಗಳು ತೋರಿಸಿದವು.

ಯಶಸ್ಸು ಆತನನ್ನು ಹಿಂಸೆಯಿಂದ ಪಾರುಮಾಡಲಿಲ್ಲ. ಅಮೆರಿಕದ ಪೂರ್ವ ಮತ್ತು ಪಶ್ಚಿಮ ಕರಾವಳಿಯ ರ್‍ಯಾಪ್ ಬಣಗಳ ಕಲಹದ ನಡುವೆ 1996ರಲ್ಲಿ ಟೂಪಾಕ್ ಶಕೂರ್ ಹತ್ಯೆಯಾಯಿತು. ಆರು ತಿಂಗಳ ತರುವಾಯ, 1997ರ ಮಾರ್ಚ್ 9ರಂದು, ಲಾಸ್ ಏಂಜಲೀಸ್‌ನಲ್ಲಿ ವಾಲೇಸ್ ಗುಂಡಿಗೆ ಬಲಿಯಾದ. ಆಗ ವಯಸ್ಸು 24. ಈ ಕೊಲೆಗಾಗಿ ಯಾರಿಗೂ ಶಿಕ್ಷೆಯಾಗಿಲ್ಲ. ಹದಿನಾರು ದಿನಗಳ ಬಳಿಕ ಬಿಡುಗಡೆಯಾದ ‘ಲೈಫ್ ಆಫ್ಟರ್ ಡೆತ್’ ಮಾರಾಟದಲ್ಲಿ ಅಗ್ರಸ್ಥಾನಕ್ಕೇರಿತು.

ಆತ ಬೆಳೆದ ಬೀದಿಗೆ 2019ರಲ್ಲಿ ಆತನ ಹೆಸರಿನ ಫಲಕ ಬಂತು. ಅಷ್ಟರಲ್ಲಿ ಆ ಭಾಗದ ಮನೆಗಳ ಬೆಲೆ ಗಗನಕ್ಕೇರಿ, ಹಳೆಯ ಬಡ ಕುಟುಂಬಗಳು ಅಲ್ಲಿಂದ ಚದುರತೊಡಗಿದ್ದವು. ಲಕ್ಷದಲ್ಲೊಬ್ಬನಿಗೆ ಒಲಿಯುವ ಭಾಗ್ಯವನ್ನು ಉಳಿದವರಿಗೆ ದಾರಿಯೆಂದು ಬೋಧಿಸುವುದು ಲಾಟರಿಯನ್ನು ಅಭಿವೃದ್ಧಿ ಯೋಜನೆ ಎಂದಂತೆ. ಹುಡುಗನೊಬ್ಬನನ್ನು ಶಾಲೆಯಲ್ಲಿ ಉಳಿಸಿಕೊಳ್ಳುವ, ಪ್ರಾಮಾಣಿಕ ದುಡಿಮೆಗೆ ಬದುಕುವಷ್ಟು ಕೂಲಿ ಕೊಡುವ ವ್ಯವಸ್ಥೆ ಮೊದಲು ಬರಬೇಕು. ನಾಮಫಲಕ ಆಮೇಲೆ ಬಂದರೂ ಸಾಕು.