ದಂತವೈದ್ಯೆ ಲೂಸಿ ಹಾಬ್ಸ್

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳ ಕಡೆಯಿಂದ ಹೆಣ್ಣುಮಗಳೊಬ್ಬಳು ಮೈಸೂರಿಗೆ ಹೋಗಿ ದಂತವೈದ್ಯವನ್ನು ಕಲಿತರೆ ಈಗ ಯಾರೂ ಆಶ್ಚರ್ಯಪಡುವುದಿಲ್ಲ. ಆದರೆ ದಂತವೈದ್ಯ ಕಾಲೇಜುಗಳು ಸ್ತ್ರೀಯರನ್ನು ಸೇರಿಸಿಕೊಳ್ಳದಿದ್ದ ಕಾಲವೊಂದಿತ್ತು. ಅಂತಹ ಕಾಲೇಜಿನಿಂದ ಪದವಿ ಪಡೆದ ಪ್ರಥಮ ಮಹಿಳೆ ಅಮೆರಿಕದ ಲೂಸಿ ಹಾಬ್ಸ್.

ಲೂಸಿ 1833ರ ಮಾರ್ಚ್ 14ರಂದು ನ್ಯೂಯಾರ್ಕ್ ರಾಜ್ಯದ ಉತ್ತರ ಭಾಗದಲ್ಲಿ ಜನಿಸಿದಳು. ಹತ್ತು ಮಕ್ಕಳ ಸಂಸಾರ. ಎಳೆವಯಸ್ಸಿನಲ್ಲಿಯೇ ತಾಯಿ ತೀರಿಕೊಂಡಳು. ಬಟ್ಟೆ ಹೊಲಿದು ಸಂಪಾದಿಸುತ್ತ ಲೂಸಿ ವಿದ್ಯಾಭ್ಯಾಸವನ್ನು ಮುಗಿಸಿದಳು. ಅನಂತರ ಸುಮಾರು ಹತ್ತು ವರ್ಷ ಮಿಚಿಗನ್ನಿನಲ್ಲಿ ಉಪಾಧ್ಯಾಯಿನಿಯಾಗಿದ್ದಳು.

ವೈದ್ಯಳಾಗಬೇಕೆಂಬ ಹಂಬಲದಿಂದ 1859ರಲ್ಲಿ ಆಕೆ ಸಿನ್ಸಿನಾಟಿ ನಗರಕ್ಕೆ ಬಂದಳು. ಸ್ತ್ರೀಯೆಂಬ ಕಾರಣಕ್ಕೆ ಅಲ್ಲಿಯ ವೈದ್ಯಕೀಯ ಕಾಲೇಜು ಆಕೆಯನ್ನು ಸೇರಿಸಿಕೊಳ್ಳಲಿಲ್ಲ. ಅದೇ ಕಾಲೇಜಿನ ಪ್ರಾಧ್ಯಾಪಕರೊಬ್ಬರು ಖಾಸಗಿಯಾಗಿ ಪಾಠ ಹೇಳಿ, ದಂತವೈದ್ಯವನ್ನು ಕಲಿಯುವಂತೆ ಸಲಹೆಯಿತ್ತರು.

ಪ್ರಪಂಚದ ಮೊದಲ ದಂತವೈದ್ಯ ಕಾಲೇಜು ಬಾಲ್ಟಿಮೋರ್ ನಗರದಲ್ಲಿ ಆರಂಭವಾದುದು 1840ರಲ್ಲಿ. ಆ ದಿನಗಳಲ್ಲಿ ಹೆಚ್ಚಿನ ದಂತವೈದ್ಯರಿಗೆ ಪದವಿಯೇ ಇರುತ್ತಿರಲಿಲ್ಲ. ನಮ್ಮ ಅಕ್ಕಸಾಲಿಗರ ಹುಡುಗರು ಹಿರಿಯರ ಬಳಿ ಕುಳಿತು ಕೆಲಸ ಕಲಿಯುವಂತೆ, ಅವರೂ ಅನುಭವಿಗಳ ಕೈಕೆಳಗೆ ದುಡಿದು ಕಲಿಯುತ್ತಿದ್ದರು. ಆದರೆ ಹೆಣ್ಣೊಬ್ಬಳನ್ನು ಶಿಷ್ಯಳನ್ನಾಗಿ ಸ್ವೀಕರಿಸುವ ಧೈರ್ಯ ಎಷ್ಟು ಮಂದಿಗಿದ್ದೀತು? ಕೊನೆಗೆ ಸ್ಯಾಮ್ಯುಯಲ್ ವಾರ್ಡಲ್ ಎಂಬ ದಂತವೈದ್ಯರು ಒಪ್ಪಿದರು. ಅವರಲ್ಲಿ ಕೆಲಸ ಕಲಿತ ಲೂಸಿ 1861ರಲ್ಲಿ ಒಹಾಯೊ ದಂತವೈದ್ಯ ಕಾಲೇಜಿಗೆ ಅರ್ಜಿ ಹಾಕಿದಳು. ಅಲ್ಲಿಯೂ ಪ್ರವೇಶ ದೊರೆಯಲಿಲ್ಲ.

ಕಾಲೇಜು ತಿರಸ್ಕರಿಸಿದರೂ ಕಲಿತ ವಿದ್ಯೆ ಕೈಯಲ್ಲಿತ್ತು. ಪದವಿಯಿಲ್ಲದೆ ಚಿಕಿತ್ಸೆ ಮಾಡಲು ಆಗ ಅಡ್ಡಿಯಿರಲಿಲ್ಲ. ತನ್ನ ಇಪ್ಪತ್ತೆಂಟನೆಯ ವಯಸ್ಸಿನಲ್ಲಿ ಲೂಸಿ ಸ್ವಂತ ಚಿಕಿತ್ಸಾಲಯವನ್ನು ತೆರೆದಳು. ಅಷ್ಟರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಆರಂಭವಾಯಿತು. ಆಕೆ ಸಿನ್ಸಿನಾಟಿಯನ್ನು ಬಿಟ್ಟು ಅಯೋವಾ ರಾಜ್ಯಕ್ಕೆ ಹೋಗಿ, ಮಿಸಿಸಿಪಿ ನದಿಯ ದಡದ ಮೆಕ್‌ಗ್ರೆಗರ್ ಎಂಬ ಊರಿನಲ್ಲಿ ನೆಲೆಸಿದಳು. ವಿದ್ಯುತ್ ಯಂತ್ರಗಳು ಇಲ್ಲದ ಕಾಲವದು. ಹುಳುಕು ಹಲ್ಲನ್ನು ಕೈಯುಪಕರಣಗಳಿಂದಲೇ ಕೊರೆದು ಶುಚಿಮಾಡಬೇಕು; ತೆಳುವಾದ ಚಿನ್ನದ ತಗಡನ್ನು ಕುಳಿಯೊಳಗಿಟ್ಟು ಸಣ್ಣ ಕೊಡತಿಯಿಂದ ಮೆಲ್ಲಮೆಲ್ಲನೆ ತಟ್ಟಿ ಗಟ್ಟಿಮಾಡಬೇಕು. ಪೆಟ್ಟು ಜೋರಾದರೆ ರೋಗಿಗೆ ನೋವು, ಹಗುರವಾದರೆ ಚಿನ್ನ ನಿಲ್ಲದು. ಹೊಲಿಗೆಯಲ್ಲಿ ಪಳಗಿದ ಬೆರಳುಗಳಿಗೆ ಈ ಸೂಕ್ಷ್ಮ ಒಗ್ಗಿದುದು ಸಹಜವೇ. ಹಲ್ಲು ಕೀಳುವ ಹೆಂಗಸೆಂದು ಜನ ಮೊದಮೊದಲು ಬೆರಗಿನಿಂದ ನೋಡಿರಬಹುದು. ಕ್ರಮೇಣ ಆಕೆಯ ಕೈಗುಣವನ್ನು ನಂಬಿದರು.

1865ರ ಜುಲೈಯಲ್ಲಿ ಅಯೋವಾದ ದಂತವೈದ್ಯರ ಸಂಘ ಲೂಸಿಯನ್ನು ಸದಸ್ಯಳನ್ನಾಗಿ ಸ್ವೀಕರಿಸಿ, ಷಿಕಾಗೋ ನಗರದ ರಾಷ್ಟ್ರೀಯ ಸಮ್ಮೇಳನಕ್ಕೆ ಪ್ರತಿನಿಧಿಯಾಗಿ ಕಳುಹಿಸಿತು. ಕಾಲೇಜು ಆಕೆಗೆ ಪ್ರವೇಶ ಕೊಡಬೇಕೆಂದು ಸಂಘದವರು ಒತ್ತಾಯಪಡಿಸಿದರು. ಹೊರಗೆ ನಿಲ್ಲಿಸಿದ್ದ ಕಾಲೇಜೇ ಆ ನವೆಂಬರಿನಲ್ಲಿ ಆಕೆಯನ್ನು ಅಂತಿಮ ತರಗತಿಗೆ ಸೇರಿಸಿಕೊಂಡಿತು. ವರ್ಷಗಳ ಅನುಭವವನ್ನೇ ವ್ಯಾಸಂಗವೆಂದು ಎಣಿಸಿದುದರಿಂದ, 1866ರ ಫೆಬ್ರವರಿ 21ರಂದು ಲೂಸಿ ಪದವೀಧರೆಯಾದಳು.

ಆಕೆಗಿಂತ ಮುಂಚೆ ಯಾವ ಸ್ತ್ರೀಯೂ ಹಲ್ಲಿಗೆ ಚಿಕಿತ್ಸೆ ಮಾಡಿರಲಿಲ್ಲವೆಂದು ಭಾವಿಸಬಾರದು. ಎಮೆಲಿನ್ ರಾಬರ್ಟ್ಸ್ ಜೋನ್ಸ್ ಎಂಬಾಕೆ ದಂತವೈದ್ಯನಾದ ತನ್ನ ಗಂಡನೊಂದಿಗೆ 1855ರಿಂದಲೇ ಕೆಲಸ ಮಾಡುತ್ತಿದ್ದಳು. ಲೂಸಿಯ ವಿಷಯದಲ್ಲಿ ಇದು ತಿರುವುಮುರುವಾಯಿತು. 1867ರಲ್ಲಿ ಆಕೆ ಜೇಮ್ಸ್ ಟೇಲರ್ ಎಂಬಾತನನ್ನು ಮದುವೆಯಾದಳು. ಅಂತರ್ಯುದ್ಧದಲ್ಲಿ ಹೋರಾಡಿದ್ದ ಆತ ರೈಲ್ವೆಯ ಕೆಲಸಗಾರ. ಹೆಂಡತಿಯೇ ಗುರುವಾಗಿ ಗಂಡನಿಗೆ ದಂತವೈದ್ಯವನ್ನು ಕಲಿಸಿದಳು!

ದಂಪತಿಗಳು ಕಾನ್ಸಾಸ್ ರಾಜ್ಯದ ಲಾರೆನ್ಸ್ ನಗರದಲ್ಲಿ ನೆಲೆಸಿದರು. ಲೂಸಿಯ ಬಳಿಗೆ ಹೆಚ್ಚಾಗಿ ಹೆಂಗಸರೂ ಮಕ್ಕಳೂ ಬರುತ್ತಿದ್ದರು. 1886ರಲ್ಲಿ ಜೇಮ್ಸ್ ತೀರಿಕೊಂಡ ಮೇಲೆ ಆಕೆ ವೃತ್ತಿಯನ್ನು ಬಹುಮಟ್ಟಿಗೆ ಕಡಿಮೆ ಮಾಡಿ, ಸ್ತ್ರೀಯರಿಗೆ ಮತದಾನದ ಹಕ್ಕು ದೊರಕಬೇಕೆಂಬ ಚಳವಳಿಯಲ್ಲಿ ತೊಡಗಿದಳು. 1910ರ ಅಕ್ಟೋಬರ್ 3ರಂದು ಲೂಸಿ ನಿಧನಳಾದಳು. ಕಾನ್ಸಾಸ್ ರಾಜ್ಯದ ಸ್ತ್ರೀಯರಿಗೆ ಆ ಹಕ್ಕು ಪೂರ್ಣವಾಗಿ ದೊರೆತುದು 1912ರಲ್ಲಿ.