ತಂದೆಯ ಮಾನ, ತಮ್ಮಂದಿರ ಅನ್ನ

ಕಿವುಡುತನವನ್ನು ಮೀರಿ ಮಹಾಕೃತಿಗಳನ್ನು ರಚಿಸಿದ ಸಂಗೀತಗಾರನೆಂದು ಲುಡ್ವಿಗ್ ವಾನ್ ಬೀಥೋವನ್‌ನ ಹೆಸರು ಲೋಕವಿಖ್ಯಾತ. ಕಿವಿ ಮಂದವಾಗುವುದಕ್ಕೂ ಎಷ್ಟೋ ಮೊದಲು, ಹತ್ತೊಂಬತ್ತು ತುಂಬದ ವಯಸ್ಸಿನಲ್ಲಿ, ಆತ ಇನ್ನೊಂದು ಧರ್ಮಸಂಕಟವನ್ನು ಎದುರಿಸಿದ್ದನು. ಕುಡಿತಕ್ಕೆ ದಾಸನಾದ ತಂದೆಯ ಸಂಬಳವನ್ನು ಬಿಡಿಸಿಕೊಳ್ಳಲು ಅರಸನಿಗೆ ಅರ್ಜಿ ಬರೆಯಬೇಕಾದ ಮಗನ ಸಂಕಟವದು.

ರೈನ್ ನದಿಯ ದಡದ ಬಾನ್ ನಗರದಲ್ಲಿ ಹುಟ್ಟಿದ ಈತನಿಗೆ ದೀಕ್ಷಾಸ್ನಾನವಾದದ್ದು 1770ರ ಡಿಸೆಂಬರ್ 17ರಂದು. ಅಜ್ಜ ಆಸ್ಥಾನ ಸಂಗೀತದ ಮುಖ್ಯಸ್ಥ. ತಂದೆ ಯೋಹಾನ್ ಅಲ್ಲಿಯೇ ಗಾಯಕ. ಅಜ್ಜಿಯೂ ಮದ್ಯದ ಚಟಕ್ಕೆ ಸಿಲುಕಿ, ಮನೆಯಿಂದ ದೂರ ಮಠವೊಂದರಲ್ಲಿ ದಿನ ಕಳೆದಳು. ಮಗನ ಪ್ರತಿಭೆಯನ್ನು ಮೊದಲು ಗುರುತಿಸಿದವನು ಯೋಹಾನನೇ. ಆದರೆ ಪಾನಗೃಹದಿಂದ ಅಪರಾತ್ರಿಯಲ್ಲಿ ಮರಳಿ, ನಿದ್ದೆಯಲ್ಲಿದ್ದ ಬಾಲಕನನ್ನು ಎಬ್ಬಿಸಿ ವಾದ್ಯದ ಮುಂದೆ ಕೂರಿಸುತ್ತಿದ್ದವನೂ ಅವನೇ. ಕಲಿಸಿದ ಕೈಯೇ ಹೊಡೆಯುವ ಕೈಯೂ ಆಗಿತ್ತು.

1787ರ ಜುಲೈನಲ್ಲಿ ತಾಯಿ ಕ್ಷಯರೋಗದಿಂದ ತೀರಿಕೊಂಡಳು. ಆ ಬಳಿಕ ಯೋಹಾನನ ಕುಡಿತಕ್ಕೆ ಕಡಿವಾಣವೇ ಇಲ್ಲದಾಯಿತು. ಅಮಲಿನಲ್ಲಿದ್ದ ತಂದೆಯನ್ನು ಬಿಡಿಸಿಕೊಳ್ಳಲು ಮಗ ಪೋಲೀಸರ ಮುಂದೆ ಅಂಗಲಾಚಿದ್ದನ್ನು ಗೆಳೆಯರು ಕಂಡಿದ್ದರು. ಮನೆಯಲ್ಲಿ ಇಬ್ಬರು ತಮ್ಮಂದಿರು, ಕಾಸ್ಪರ್ ಮತ್ತು ಯೋಹಾನ್, ಇನ್ನೂ ಚಿಕ್ಕವರು. ತಂದೆಯನ್ನು ಹೀಗೆಯೇ ಬಿಟ್ಟರೆ ಅವರ ಹೊಟ್ಟೆಗೆ ಕುತ್ತು; ಅರಸನಲ್ಲಿ ದೂರಿದರೆ ತಂದೆಯ ಮಾನಕ್ಕೆ ಕುಂದು.

1789ರಲ್ಲಿ ಆತ ಅರ್ಜಿ ಸಲ್ಲಿಸಿದನು. ನವೆಂಬರ್ 20ರ ಆಜ್ಞೆ ಅವನ ಪರವಾಗಿತ್ತು: ತಂದೆಗೆ ಸೇವೆಯಿಂದ ಬಿಡುಗಡೆ, ಬಾನ್ ತೊರೆದು ಹಳ್ಳಿಯೊಂದರಲ್ಲಿ ವಾಸ, ಸಂಬಳದ ಅರ್ಧಭಾಗವಾದ 100 ಥಾಲರ್ ತಮ್ಮಂದಿರ ಪೋಷಣೆಗಾಗಿ ಮಗನ ಕೈಗೆ. ಯೋಹಾನ್ ಮಗನಲ್ಲಿ ಬೇಡಿಕೊಂಡನು. ಆಜ್ಞೆಯನ್ನು ಖಜಾನೆಗೆ ಒಪ್ಪಿಸಬೇಡ, ಆ ಹಣವನ್ನು ನಾನೇ ಕೊಡುತ್ತೇನೆ ಎಂದನು. ಮಗ ಒಪ್ಪಿದನು. ಮೂರು ತಿಂಗಳಿಗೊಮ್ಮೆ 25 ಥಾಲರ್ ತಂದೆಯ ಕೈಯಿಂದಲೇ ಬರತೊಡಗಿತು. ಊರಿನ ಕಣ್ಣಿಗೆ ತಂದೆಯ ಮಾನ ಉಳಿಯಿತು, ತಮ್ಮಂದಿರ ಅನ್ನವೂ ಉಳಿಯಿತು.

ಈ ವರ್ಷಗಳಲ್ಲಿ ಆತನಿಗೆ ನೆರಳಾದದ್ದು ಬ್ರಾಯ್ನಿಂಗ್ ಎಂಬ ಸುಸಂಸ್ಕೃತ ಕುಟುಂಬ. ಆ ಮನೆಯ ಮಕ್ಕಳಿಗೆ ಪಿಯಾನೊ ಕಲಿಸಲು ಹೋದವನು ಅಲ್ಲಿ ಸಾಹಿತ್ಯದ ರುಚಿಯನ್ನೂ ತಾಯಿಯಂಥ ಅಕ್ಕರೆಯನ್ನೂ ಪಡೆದನು.

1792ರ ನವೆಂಬರ್‌ನಲ್ಲಿ ಆತ ವಿಯೆನ್ನಾಕ್ಕೆ ತೆರಳಿದನು; ಡಿಸೆಂಬರ್ 18ರಂದು ತಂದೆ ತೀರಿಕೊಂಡನು. ಮಗ ಊರಿಗೆ ಮರಳಲಿಲ್ಲ. ಹಣದ ಹಕ್ಕನ್ನು ಮುಂದುವರಿಸಲು ಆ ಆಜ್ಞಾಪತ್ರವನ್ನು ಹುಡುಕಿದಾಗ, ತಂದೆ ಅದನ್ನು ಎಂದೋ ಇಲ್ಲವಾಗಿಸಿದ್ದು ತಿಳಿಯಿತು. ಮತ್ತೊಮ್ಮೆ ಅರ್ಜಿ ಬರೆದು ತಮ್ಮಂದಿರ ಪಾಲನ್ನು ಪಡೆಯಬೇಕಾಯಿತು. ಇಷ್ಟಾದರೂ ಅನ್ಯರು ತಂದೆಯ ಬಗೆಗೆ ಕಟುವಾಗಿ ನುಡಿದರೆ ಆತ ಸಿಡಿದೇಳುತ್ತಿದ್ದನು. ಯೋಹಾನ್ ನಕಲು ಮಾಡಿದ್ದ ಸಂಗೀತದ ಹಾಳೆಯೊಂದರ ಮೇಲೆ, ಇದು ತನ್ನ ಪ್ರೀತಿಯ ತಂದೆಯ ಬರಹವೆಂದು ಗುರುತು ಹಾಕಿಟ್ಟಿದ್ದನು.

ಎಳೆಯ ಹೆಗಲಿಗೆ ಬಿದ್ದ ನೊಗವನ್ನು ಇಳಿಸುವುದು ಮಾತ್ರ ಅವನಿಗೆ ಸಾಧ್ಯವಾಗಲಿಲ್ಲ. 1815ರಲ್ಲಿ ಕಾಸ್ಪರ್ ಸತ್ತಾಗ, ಅವನ ಮಗ ಕಾರ್ಲ್‌ನ ಪಾಲನೆಯ ಹಕ್ಕಿಗಾಗಿ ಆ ಬಾಲಕನ ತಾಯಿಯೊಡನೆ ವರ್ಷಗಟ್ಟಲೆ ವ್ಯಾಜ್ಯ ನಡೆಸಿ ಗೆದ್ದನು. ಆ ಬಿಗಿಹಿಡಿತದಲ್ಲಿ ಕಾರ್ಲ್ ಬಹಳವೇ ನೊಂದನು. 1827ರ ಮಾರ್ಚ್ 26ರಂದು ಬೀಥೋವನ್ ನಿಧನನಾದನು.

ಪಿತೃಋಣದ ಮಾತನ್ನು ನಾವು ಕೇಳುತ್ತಲೇ ಬೆಳೆದವರು. ತಂದೆಯ ಚಟ ಆ ಋಣದ ಬಾಬ್ತಿನಲ್ಲಿ ಸೇರದು. ಅದು ಮಗನಿಂದ ಹುಟ್ಟಿದ್ದಲ್ಲ, ಮಗ ತೀರಿಸಬಹುದಾದದ್ದೂ ಅಲ್ಲ. ಅನ್ನವನ್ನು ಕಾಪಾಡಲು ಅರ್ಜಿ ಬರೆದ ಕೈಯೇ ತಂದೆಯ ಅಕ್ಷರವನ್ನು ಪ್ರೀತಿಯಿಂದ ಕಾದಿಟ್ಟಿತು. ಇಂಥ ಭಾರವನ್ನು ಮೌನವಾಗಿ ಹೊತ್ತು ತರಗತಿಗೆ ಬರುವ ವಿದ್ಯಾರ್ಥಿ ನಮ್ಮಲ್ಲಿದ್ದರೆ, ಸಹಾಯ ಕೇಳುವುದು ತಂದೆಗೆ ಬಗೆದ ದ್ರೋಹವಲ್ಲವೆಂಬುದನ್ನು ಈ ಜೀವನದಿಂದ ಅರಿಯಲಿ.